ಜಗದಾಂಬಾ ಮತ್ತು ಹೊಳೆಯಾಚೆಯ ಬಾಣಂತಿ

ಜಗದಾಂಬಾ ಅವರಿಗೆ ಸಿಟ್ಟು ಬರುವುದು ಕಾಯಿಲೆಯ ಮೇಲಲ್ಲ. “ಅದು ವೈರಸ್ಸು, ಅದಕ್ಕೇನ್ ಗೊತ್ತು? ಅದರ ಕೆಲಸ ಅದು ಮಾಡುತ್ತೆ. ನಮ್ಮ ಕೆಲಸ ನಾವು ಮಾಡಲ್ವಲ್ಲ, ಅದಕ್ಕೆ ನನಗೆ ಉರಿಯೋದು” ಎನ್ನುತ್ತಾರೆ. ಈ ಮಾತನ್ನು ಅವರು ವಾರಕ್ಕೆ ಎರಡು ಸಲವಾದರೂ ಹೇಳುತ್ತಾರೆ, ಸಾಮಾನ್ಯವಾಗಿ ಬಸ್ ನಿಲ್ದಾಣದಲ್ಲಿ ನಿಂತು, ಫೋನು ಕಿವಿಗೆ ಹಿಡಿದು.

ಅವರ ಕೆಲಸ ಹೇಳಿಕೊಳ್ಳಲು ಸುಲಭ, ಮಾಡಲು ಕಷ್ಟ. ಎಚ್‌ಐವಿ ಇರುವವರೇ ಸೇರಿ ಕಟ್ಟಿಕೊಂಡ ಒಂದು ಸಣ್ಣ ಸಂಘ ಶಿವಮೊಗ್ಗದಲ್ಲಿದೆ. ಅದರ ಪರವಾಗಿ ಅವರು ಹನ್ನೊಂದು ವರ್ಷದಿಂದ ಶಿವಮೊಗ್ಗ, ಭದ್ರಾವತಿಗಳ ಮನೆಗಳಿಗೆ ಹೋಗಿಬರುತ್ತಾರೆ. ಸೋಂಕಿರುವ ಗರ್ಭಿಣಿಯರು ಮಾತ್ರೆ ತಪ್ಪಿಸುತ್ತಿಲ್ಲ ತಾನೇ, ಹುಟ್ಟಿದ ಮಗುವಿಗೆ ದಿನಾ ಹನಿ ಔಷಧ ಹೋಗುತ್ತಿದೆ ತಾನೇ, ಪರೀಕ್ಷೆಯ ದಿನಕ್ಕೆ ಮಗುವನ್ನು ಕರೆತರುತ್ತಾರೆ ತಾನೇ ಎಂದು ನೋಡಬೇಕು. ಅದಾದ ಮೇಲೆ, ಸೋಂಕಿನೊಂದಿಗೇ ಬೆಳೆಯುತ್ತಿರುವ ಮಕ್ಕಳಿದ್ದಾರೆ. ಹನ್ನೆರಡು ಹದಿಮೂರು ವರ್ಷಕ್ಕೆ ಅವರು ‘ನನಗೊಬ್ಬಳಿಗೇ ಯಾಕೆ ಮಾತ್ರೆ’ ಎಂದು ಕೇಳುತ್ತಾರೆ. ‘ವಿಟಮಿನ್ನು’ ಎಂದು ಏಳು ವರ್ಷ ಸುಳ್ಳು ಹೇಳಿದ ಅಜ್ಜಿಯರು ಆಗ ಜಗದಾಂಬಾ ಅವರಿಗೆ ಫೋನು ಮಾಡುತ್ತಾರೆ.

ಅವರು ಭದ್ರಾವತಿಯ ನ್ಯೂ ಟೌನ್‌ನಲ್ಲಿ ಕಾರ್ಖಾನೆಯ ಹಳೆಯ ಕ್ವಾರ್ಟರ್ಸೊಂದರಲ್ಲಿ ಬಾಡಿಗೆಗಿದ್ದಾರೆ. ಗಂಡ ರುದ್ರೇಶ್ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಮೊದಲ ಮಗು ನಿರಂಜನ ೨೦೦೩ರಲ್ಲಿ ಹುಟ್ಟಿದ. ಎರಡನೇ ತಿಂಗಳ ತನಕ ಗುಂಡಗಿದ್ದ. ನಾಲ್ಕನೇ ತಿಂಗಳಿಗೆ ಬಾಯೊಳಗೆಲ್ಲ ಮೊಸರು ಮೆತ್ತಿದಂತೆ ಬಿಳಿ ಕಟ್ಟಿತು. ಎಂಟನೇ ತಿಂಗಳಿಗೆ ನಿಲ್ಲದ ಭೇದಿ. ವರ್ಷ ತುಂಬಿದರೂ ಮಗು ಕೂರಲಿಲ್ಲ, ಆಮೇಲೆ ಒಂದರ ಹಿಂದೊಂದು ನ್ಯುಮೋನಿಯಾ. ಮನೆಯವರು ದೃಷ್ಟಿ ತೆಗೆದರು, ವೈದ್ಯರನ್ನು ಬದಲಿಸಿದರು, ಟಾನಿಕ್ ಬದಲಿಸಿದರು. ತಾಯಿಯ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಒಬ್ಬರಿಗೆ ಹೊಳೆದಾಗ ಮಗುವಿಗೆ ಎರಡು ವರ್ಷ ಎಂಟು ತಿಂಗಳು. ಚೀಟಿ ಕೈಗೆ ಬಂದ ಹನ್ನೊಂದನೆಯ ದಿನ ಮಗು ಹೋಯಿತು. ಆಗ ಜಗದಾಂಬಾ ಮತ್ತೆ ಬಸುರಿ. ಈ ಸಲ ಗೊತ್ತಿತ್ತು. ಹೆರಿಗೆ ನೋವಿನ ಹೊತ್ತಿಗೆ ತಾಯಿಗೊಂದು ಮಾತ್ರೆ, ಹುಟ್ಟಿದ ಮಗುವಿನ ಬಾಯಿಗೆ ಒಂದು ಗುಟುಕು ಔಷಧ, ಆ ಕಾಲದಲ್ಲಿ ಇದ್ದದ್ದು ಅಷ್ಟೇ. ಮಗಳು ಸ್ಪಂದನಾಗೆ ಸೋಂಕು ಬರಲಿಲ್ಲ. ಈಗ ಬಿ.ಕಾಂ. ಓದುತ್ತಿದ್ದಾಳೆ, ತಾಯಿಯ ಜೊತೆ ದಿನಕ್ಕೊಮ್ಮೆ ಜಗಳವಾಡುತ್ತಾಳೆ.

ಹೋದ ವರ್ಷ ಅವರ ಪಟ್ಟಿಗೆ ಶ್ರೀಗೌರಿ ಸೇರಿದಳು. ಇಪ್ಪತ್ತಾರು ವರ್ಷ, ಚೊಚ್ಚಲ ಬಸುರಿ. ಗಂಡ ವಿಷ್ಣುಪ್ರಸಾದ ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ, ಮನೆ ರಾಗಿಗುಡ್ಡದಲ್ಲಿ. ಮೊದಲ ತಿಂಗಳುಗಳಲ್ಲಿ ತೋರಿಸುತ್ತಿದ್ದ ಖಾಸಗಿ ಕ್ಲಿನಿಕ್ಕಿನಲ್ಲಿ ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿದ್ದರು, ಇದನ್ನು ನೋಡಿರಲಿಲ್ಲ. ಆರನೆಯ ತಿಂಗಳಲ್ಲಿ ದೊಡ್ಡಾಸ್ಪತ್ರೆಗೆ ಹೋದಾಗ ಗೊತ್ತಾಯಿತು. ಗಂಡನನ್ನೂ ಪರೀಕ್ಷಿಸಿದರು, ಅವನಿಗೂ ಇತ್ತು. ಇಬ್ಬರೂ ಮಾತ್ರೆ ಶುರು ಮಾಡಿದರು. ಯಾರಿಗೂ ಹೇಳಲಿಲ್ಲ.

ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಶ್ರೀಗೌರಿ ತವರಿಗೆ ಹೋದಳು. ತವರು ಭದ್ರಾವತಿಯಲ್ಲಿ, ಭದ್ರಾ ಹೊಳೆಯ ಆಚೆ ದಡದ ಒಂದು ಬೀದಿಯಲ್ಲಿ. ತಂದೆ ಲಕ್ಷ್ಮೀಕಾಂತ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ತಾಯಿ ಭವಾನಿ ಮೂವರು ನಾದಿನಿಯರ ಬಾಣಂತನ ಮಾಡಿದ ಅನುಭವಸ್ಥೆ. ಹೆರಿಗೆಯೂ ಆ ದಡದ ಆಸ್ಪತ್ರೆಯಲ್ಲೇ ಆಯಿತು. ಗಂಡು ಮಗು. ಹನ್ನೊಂದನೆಯ ದಿನ ಪ್ರಣವ ಎಂದು ಹೆಸರಿಟ್ಟರು. ಆ ಮನೆಗೆ ಜಗದಾಂಬಾ ಹೋಗುತ್ತಿದ್ದದ್ದು ‘ಮಗುವಿನ ತೂಕ ನೋಡುವ ಸಿಸ್ಟರ್’ ಎಂಬ ಹೆಸರಿನಲ್ಲಿ. ದಿನಾ ಬೆಳಿಗ್ಗೆ ಮಗುವಿಗೆ ಹಾಕುವ ಹನಿ ಔಷಧ ‘ಕಾಮಾಲೆ ಬಾರದಿರಲಿ ಅಂತ’ ಎಂದು ಶ್ರೀಗೌರಿಯೇ ತಾಯಿಗೆ ಹೇಳಿದ್ದಳು. ಹನಿಗಳು ಒಂದು ದಿನವೂ ತಪ್ಪಲಿಲ್ಲ. ಭವಾನಿ ಅವರೇ ನೆನಪಿಸುತ್ತಿದ್ದರು. ಅಷ್ಟರ ಮಟ್ಟಿಗೆ ಎಲ್ಲ ಸರಿಯಾಗಿತ್ತು.

ತೊಡಕು ಬಂದದ್ದು ಐದನೆಯ ವಾರ. ಜಗದಾಂಬಾ ಜೋಳಿಗೆ ತಕ್ಕಡಿಯಲ್ಲಿ ಮಗುವನ್ನು ತೂಗಿ, ಬರೆದುಕೊಂಡು, ವಿಷಯ ತೆಗೆದರು.

“ಅಮ್ಮ, ಮಗೂಗೆ ಆರು ವಾರ ತುಂಬಿದ ಕೂಡ್ಲೇ ಶಿವಮೊಗ್ಗಕ್ಕೆ ಕರ್ಕೊಂಡು ಬರ್ಬೇಕು. ಒಂದು ಪರೀಕ್ಷೆ ಇದೆ.”

“ಲಸಿಕೆ ಇಲ್ಲೇ ಅಂಗನವಾಡೀಲಿ ಹಾಕ್ತಾರಲ್ಲ,” ಎಂದರು ಭವಾನಿ.

“ಲಸಿಕೆ ಅಲ್ಲ. ರಕ್ತದ್ದು. ಹಿಮ್ಮಡಿಗೆ ಸಣ್ಣಕ್ಕೆ ಚುಚ್ಚಿ, ಒಂದು ಕಾಗದದ ಮೇಲೆ ನಾಲ್ಕೈದು ಚುಕ್ಕೆ ಇಡ್ತಾರೆ, ಅಷ್ಟೇ.”

“ಆಗ್ಲಿ. ಮೂರು ತಿಂಗ್ಳು ಕಳೀಲಿ, ನಾವೇ ಕರ್ಕೊಂಡ್ ಬರ್ತೀವಿ.”

“ಮೂರು ತಿಂಗ್ಳು ಯಾಕಮ್ಮ?”

“ಹೊಳೆ ದಾಟ್ಬೇಕಲ್ಲ, ಸಿಸ್ಟರ್.” ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದರು. “ಮೂರು ತಿಂಗ್ಳು ತುಂಬಿ ಗಂಗೆ ಪೂಜೆ ಆಗೋ ತನಕ ಬಾಣಂತಿ, ಕೂಸು ಹೊಳೆ ದಾಟೋ ಹಾಗಿಲ್ಲ. ನಮ್ಮತ್ತೆ ಕಾಲದಿಂದ ಹಾಗೇ ಬಂದಿದೆ.”

“ದೋಣಿ ಕಾಲ ಅಲ್ವಲ್ಲಮ್ಮ ಇದು. ಸೇತುವೆ ಇದೆ. ಎರಡು ನಿಮಿಷ.”

“ಸೇತುವೆ ಕೆಳಗೆ ಹೊಳೆ ಇಲ್ವಾ?”

ಜಗದಾಂಬಾ ಒಳಕೋಣೆಯ ಕಡೆ ನೋಡಿದರು. ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಮಂಚದ ಮೇಲೆ ಕುಳಿತಿದ್ದ ಶ್ರೀಗೌರಿ ತಲೆ ಎತ್ತಲಿಲ್ಲ. ಮನೆಯವರಿಗೆ ನಿಜ ಹೇಳುವ ಹಕ್ಕು ಅವಳದು, ಜಗದಾಂಬಾ ಅವರದಲ್ಲ. ಅವಳ ಒಪ್ಪಿಗೆಯಿಲ್ಲದೆ ಒಂದಕ್ಷರ ಆಡುವ ಹಾಗಿಲ್ಲ. ಆದರೆ ಮೂರು ತಿಂಗಳು ಕಾಯುವ ಹಾಗೂ ಇಲ್ಲ. ಮಗುವಿಗೆ ಸೋಂಕು ದಾಟಿದ್ದರೆ ಅದು ದೊಡ್ಡವರಲ್ಲಿ ಇರುವಂತೆ ವರ್ಷಗಟ್ಟಲೆ ಸುಮ್ಮನೆ ಕೂರುವುದಿಲ್ಲ. ಔಷಧವಿಲ್ಲದಿದ್ದರೆ ಅಂಥ ಮಕ್ಕಳಲ್ಲಿ ಮೂರರಲ್ಲೊಂದು ಮೊದಲ ಹುಟ್ಟುಹಬ್ಬ ನೋಡುವುದಿಲ್ಲ, ಎರಡನೆಯದನ್ನು ಅರ್ಧದಷ್ಟು ಮಕ್ಕಳು ನೋಡುವುದಿಲ್ಲ. ಆಪತ್ತು ಹೆಚ್ಚಿರುವುದೇ ಎರಡು ಮೂರನೆಯ ತಿಂಗಳಲ್ಲಿ. ಬೇಗ ಗೊತ್ತಾದರೆ ಅಂದೇ ಔಷಧ ಶುರು ಮಾಡಬಹುದು, ಮಗು ಎಲ್ಲರಂತೆ ಬೆಳೆಯುತ್ತದೆ. ಆರು ವಾರದ ಪರೀಕ್ಷೆ ಇರುವುದೇ ಅದಕ್ಕೆ.

ಮಗುವನ್ನು ಹೊಳೆ ದಾಟಿಸಲಾಗದಿದ್ದರೆ ಪರೀಕ್ಷೆಯನ್ನೇ ದಾಟಿಸೋಣ ಎಂದು ಅವರು ಆ ದಡದ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಹೆರಿಗೆ ರಜೆಯ ಮೇಲಿದ್ದರು. ಬದಲಿ ಬಂದಿರಲಿಲ್ಲ. ಯಾವಾಗ ಬರುತ್ತಾರೆ ಎಂದರೆ, ಪತ್ರ ಬರೆದಿದ್ದೇವೆ ಎಂದರು. ಶಿವಮೊಗ್ಗದ ಆಸ್ಪತ್ರೆಗೆ ಬಂದು, ರಕ್ತದ ಕಾರ್ಡು ಕೊಡಿ, ಯಾರಾದರೂ ನರ್ಸನ್ನು ಕರೆದುಕೊಂಡು ಹೋಗಿ ಚುಕ್ಕೆ ಇಡಿಸಿಕೊಂಡು ಬರುತ್ತೇನೆ ಎಂದು ಕೇಳಿದರು. ಕಾರ್ಡು ಹೊರಗೆ ಕೊಡುವ ಕ್ರಮವಿಲ್ಲ ಎಂಬ ಉತ್ತರ ಬಂತು. ವಿಷ್ಣುಪ್ರಸಾದನಿಗೆ ಫೋನು ಮಾಡಿದರು.

“ಅತ್ತೆಗೆ ನಾನು ಹೇಗೆ ಮೇಡಂ ಹೇಳೋದು? ಅಳಿಯ ಆಗಿ ಬಾಣಂತನದ ವಿಷಯದಲ್ಲಿ ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ.”

“ಮಗು ನಿಮ್ದೇ ಅಲ್ವೇನ್ರೀ?”

“ನನ್ದೇ. ಆದ್ರೂ ಮೂರು ತಿಂಗ್ಳಿಗೇ ಮಾಡಿಸಿದ್ರೆ ಏನಾದ್ರೂ ತೊಂದ್ರೆನಾ?”

ಜಗದಾಂಬಾ ಫೋನು ಇಟ್ಟರು. ‘ಏನಾದ್ರೂ ತೊಂದ್ರೆನಾ’ ಎಂಬ ಪ್ರಶ್ನೆಗೆ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಉತ್ತರ ಕೊಟ್ಟಿದ್ದಾರೋ ಅವರಿಗೇ ಲೆಕ್ಕವಿಲ್ಲ.

ಇನ್ನು ಉಳಿದವರು ಲಕ್ಷ್ಮೀಕಾಂತ. ಓದಿದವರು, ಸೌಮ್ಯ ಮನುಷ್ಯ. ಜಗಲಿಯ ಮೇಲೆ ಕುಳಿತಿದ್ದ ಅವರನ್ನೇ ಜಗದಾಂಬಾ ನೇರ ಕೇಳಿದರು. “ಮೇಷ್ಟ್ರೇ, ಬಾಣಂತಿ ಹೊಳೆ ದಾಟಬಾರದು ಅಂತ ಶಾಸ್ತ್ರದಲ್ಲಿ ಇದ್ಯಾ?”

ಅವರು ಆ ಪ್ರಶ್ನೆಯಿಂದ ಸಂತೋಷಪಟ್ಟಂತೆ ಕಂಡಿತು. ನೋಡಿ ಹೇಳುತ್ತೇನೆ ಎಂದರು. ಎರಡು ದಿನ ಪುಸ್ತಕಗಳನ್ನು ಹರಡಿಕೊಂಡು ಕುಳಿತರು. ಮೂರನೆಯ ದಿನ ಜಗದಾಂಬಾ ಹೋದಾಗ ಹೆಂಡತಿಯ ಎದುರಿಗೇ ತೀರ್ಪು ಕೊಟ್ಟರು. “ಹತ್ತು ದಿನದ ಪುರುಡಿನ ವಿಷಯ ಇದೆ. ಹೊಳೆ ವಿಷಯ ನನಗೆ ಎಲ್ಲೂ ಸಿಗಲಿಲ್ಲ.”

“ಪುಸ್ತಕ ಬರೆದೋರು ಯಾರಾದ್ರೂ ಬಾಣಂತನ ಮಾಡಿದ್ರಾ?” ಎಂದು ಭವಾನಿ ಕೇಳಿದರು.

ಲಕ್ಷ್ಮೀಕಾಂತ ಸ್ವಲ್ಪ ಯೋಚಿಸಿದರು. “ಆ ಮಾತೂ ಸರಿಯೇ,” ಎಂದು ಪುಸ್ತಕ ಮುಚ್ಚಿದರು.

ಜಗದಾಂಬಾ ಅಂದು ಕಾಫಿಯನ್ನೂ ಕುಡಿಯದೆ ಎದ್ದರು. ಗೇಟಿನ ತನಕ ಬರುವ ನೆಪದಲ್ಲಿ ಶ್ರೀಗೌರಿ ಹಿಂದೆಯೇ ಬಂದಳು. ಜಗದಾಂಬಾ ದನಿ ತಗ್ಗಿಸಿ ಹೇಳಿದರು. “ನೋಡು ಮಾರಾಯ್ತಿ, ನಾನು ಹೊಳೆ ಹತ್ರ ಮಾತಾಡಿದೆ, ಲ್ಯಾಬ್ ಹತ್ರ ಮಾತಾಡಿದೆ, ಶಾಸ್ತ್ರದ ಹತ್ರಾನೂ ಮಾತಾಡಿದೆ. ಇನ್ನು ಮಾತಾಡ್ಬೇಕಾದೋಳು ನೀನೊಬ್ಳೇ.”

“ಅಮ್ಮ ಎದೆ ಒಡ್ಕೊಳ್ತಾಳೆ.”

“ಒಡ್ಕೊಳ್ಳಲ್ಲ. ನಮ್ಮಮ್ಮನೂ ಒಡ್ಕೊಳ್ತಾಳೆ ಅಂತ ನಾನು ತಿಳ್ಕೊಂಡಿದ್ದೆ. ನನಗೆ ಬೈದ್ಲು, ಗಂಡನ ಮನೆಯೋರಿಗೆ ಬೈದ್ಲು, ಆಮೇಲೆ ಅನ್ನಕ್ಕಿಟ್ಲು.”

ಶ್ರೀಗೌರಿಗೆ ಮತ್ತೆ ಎರಡು ದಿನ ಬೇಕಾಯಿತು. ನಲವತ್ತಮೂರನೆಯ ದಿನ ಬೆಳಿಗ್ಗೆ ಅವಳೇ ಫೋನು ಮಾಡಿ ಜಗದಾಂಬಾ ಅವರನ್ನು ಕರೆದಳು. ಅವರು ಹೋದಾಗ ಲಕ್ಷ್ಮೀಕಾಂತ ಹೊರಗೆ ಹೋಗಿದ್ದರು. ಭವಾನಿ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕುಳಿತು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಶ್ರೀಗೌರಿ ಬಾಗಿಲಲ್ಲಿ ನಿಂತು ಹೇಳಿದಳು. ಕಾಯಿಲೆಯ ಹೆಸರು ಹಿಡಿದೇ ಹೇಳಿದಳು, ಸುತ್ತಿ ಬಳಸಲಿಲ್ಲ.

ಭವಾನಿ ಅವರ ಕೈ ನಿಲ್ಲಲಿಲ್ಲ. ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕಿ ಮುಗಿಸಿದರು.

“ಅಪ್ಪಂಗೆ ಗೊತ್ತಾ?”

“ಇಲ್ಲ.”

“ಅಳಿಯಂದಿರಿಗೆ?”

“ಅವರಿಂದಲೇ ಅಮ್ಮ.”

ಭವಾನಿ ಮಗುವಿಗೆ ನೀರು ಹೊಯ್ದರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಎದ್ದ ಭವಾನಿ ಮಗಳನ್ನು ಬಿಟ್ಟು ಜಗದಾಂಬಾ ಅವರ ಮೇಲೆ ತಿರುಗಿದರು.

“ಎರಡು ವಾರದಿಂದ ಸೇತುವೆ, ಶಾಸ್ತ್ರ ಅಂತ ನನ್ನ ತಲೆ ತಿಂದ್ರಲ್ಲ. ಇದನ್ನ ಹೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?”

“ನಾನು ಹೇಳೋ ಹಾಗಿಲ್ಲ ಅಮ್ಮ. ಅವಳೇ ಹೇಳ್ಬೇಕು.”

“ಚೆನ್ನಾಗಿದೆ ನಿಮ್ಮ ಕ್ರಮ. ನಮ್ಮದನ್ನ ಆಡಿಕೊಳ್ಳೋಕೆ ಬಂದ್ರಿ.” ಮಗುವಿನ ತಲೆ ಒರೆಸುತ್ತ ಕೇಳಿದರು. “ಪರೀಕ್ಷೆ ಯಾವತ್ತು?”

“ನಾಳೆ ಹನ್ನೆರಡರ ಒಳಗೆ. ಚುಕ್ಕೆ ಒಣಗಿ, ಸಂಜೆ ಕಾರ್ಡು ಬೆಂಗಳೂರಿನ ಲ್ಯಾಬಿಗೆ ಹೋಗ್ಬೇಕು. ತಪ್ಪಿದ್ರೆ ಮುಂದಿನ ವಾರ.”

“ಬರ್ತೀವಿ,” ಎಂದರು ಭವಾನಿ.

ಮರುದಿನ ಹನ್ನೊಂದು ಗಂಟೆಗೆ ಬಾಡಿಗೆಯ ಓಮ್ನಿ ಬಂತು. ಮುಂದೆ ಜಗದಾಂಬಾ. ಹಿಂದೆ ಕಿವಿಗೆ ಹತ್ತಿ ಇಟ್ಟುಕೊಂಡ ಬಾಣಂತಿ, ಮಗು, ಭವಾನಿ. ಭವಾನಿ ಅವರ ಮಡಿಲಲ್ಲಿ ಬಟ್ಟೆ ಮುಚ್ಚಿದ ಒಂದು ಬುಟ್ಟಿ ಇತ್ತು. ಮಗುವಿನ ಬಟ್ಟೆಯಿರಬೇಕು ಎಂದುಕೊಂಡರು ಜಗದಾಂಬಾ. ಸೇತುವೆಯ ನಡುವಿಗೆ ಬರುತ್ತಿದ್ದಂತೆ ಭವಾನಿ ಡ್ರೈವರಿಗೆ ನಿಲ್ಲಿಸಲು ಹೇಳಿದರು.

“ಇಲ್ಲಿ ನಿಲ್ಲಿಸೋ ಹಾಗಿಲ್ಲ ಅಮ್ಮ,” ಎಂದ ಅವನು.

“ನಿಲ್ಸಪ್ಪ. ಗಂಗೆ ಪೂಜೆ ಆಗ್ದೆ ಆ ಕಡೆಗೆ ಕೂಸು ಹೋಗಲ್ಲ. ಮೂರು ತಿಂಗಳಿಗೆ ಮಾಡೋದನ್ನ ಇವತ್ತೇ ಮಾಡ್ತೀನಿ, ಅಷ್ಟು ಬಿಟ್ಟುಕೊಟ್ಟಿದ್ದೀನಿ.”

ಬುಟ್ಟಿಯಲ್ಲಿ ಅರಿಶಿನ, ಕುಂಕುಮ, ಸೇವಂತಿಗೆ, ವೀಳ್ಯದೆಲೆ, ಅಡಿಕೆ, ಹಸಿರು ಬಳೆ, ಒಂದು ರವಿಕೆ ಕಣ ಇದ್ದವು. ಭವಾನಿ ಇಳಿದು, ಸೇತುವೆಯ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ನಿಧಾನವಾಗಿ, ಒಂದನ್ನೂ ಬಿಡದೆ ಶುರು ಮಾಡಿದರು. ಹಿಂದೆ ವಾಹನಗಳು ಸಾಲುಗಟ್ಟಿ ಹಾರ್ನ್ ಬಾರಿಸತೊಡಗಿದವು. ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಏನ್ ಅಜ್ಜಿ, ಸೇತುವೆ ಮೇಲೆ ಮದ್ವೆ ಇಟ್ಕೊಂಡಿದ್ದೀರಾ? ಊಟ ಎಷ್ಟೊತ್ತಿಗೆ?” ಎಂದು ಕೂಗಿದ.

“ನಿನ್ನ ಮದ್ವೆಗೆ ಹೇಳಿ ಕಳಿಸ್ತೀನಿ, ಸುಮ್ನಿರು,” ಎಂದರು ಭವಾನಿ ತಿರುಗದೆ.

ಜಗದಾಂಬಾ ಗಡಿಯಾರ ನೋಡಿದರು. ಬೇಗ, ಬೇಗ ಎಂದರು. ಆರತಿ ಬೇಡ ಎಂದರು. ಕೊನೆಗೆ ಹಣೆ ಹಿಡಿದುಕೊಂಡು ಕುಳಿತರು. ಆರತಿಯೂ ಆಯಿತು. ಗಾಳಿಗೆ ಐದು ಸಲ ದೀಪ ಆರಿತು, ಐದು ಸಲ ಹಚ್ಚಿದರು.

ಶಿವಮೊಗ್ಗದ ಆಸ್ಪತ್ರೆ ಮುಟ್ಟಿದಾಗ ಹನ್ನೆರಡು ಹತ್ತು. ಕಿಟಕಿಯಲ್ಲಿದ್ದ ಟೆಕ್ನಿಷಿಯನ್ ಸಮಯ ಮುಗಿಯಿತು, ಮುಂದಿನ ವಾರ ಬನ್ನಿ ಎಂದ. ಜಗದಾಂಬಾ ಬಾಯಿ ತೆರೆಯುವ ಮೊದಲೇ ಭವಾನಿ ಮುಂದೆ ಹೋದರು.

“ನೋಡಪ್ಪ, ಈ ಕೂಸನ್ನ ತರೋಕೆ ನಾನು ನಮ್ಮತ್ತೆ ಮಾತು ಮೀರಿ ಬಂದಿದ್ದೀನಿ. ನಲವತ್ತು ವರ್ಷದಲ್ಲಿ ಒಂದು ಸಲಾನೂ ಮೀರಿದೋಳಲ್ಲ. ನೀನು ಹತ್ತು ನಿಮಿಷ ಮೀರೋಕಾಗಲ್ವಾ?”

ಅವನು ಅವರನ್ನೂ ಮಗುವನ್ನೂ ನೋಡಿದ. ಕೈಗವಸು ಮತ್ತೆ ಹಾಕಿಕೊಂಡ. ಹಿಮ್ಮಡಿಗೆ ಚುಚ್ಚಿದಾಗ ಮಗು ಕಿರುಚಿಕೊಂಡಿತು, ಶ್ರೀಗೌರಿ ಅತ್ತಳು. ಐದು ಕೆಂಪು ಚುಕ್ಕೆಗಳು ಕಾರ್ಡಿನ ಮೇಲೆ ಕುಳಿತವು. ಫಲಿತಾಂಶಕ್ಕೆ ಮೂರು ವಾರವಾಗಬಹುದು ಎಂದರು.

ಇಲ್ಲಿಗೆ ಕೆಲಸ ಅರ್ಧ ಮುಗಿಯಿತು ಎಂದುಕೊಂಡಿದ್ದ ಜಗದಾಂಬಾ ಒಂಬತ್ತು ದಿನದ ಮೇಲೆ ತೂಕ ನೋಡಲು ಹೋದರು. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಬೆಳ್ಳಿಯ ಒಳಲೆ ಕಂಡಿತು, ಎಳೆಮಕ್ಕಳಿಗೆ ಹಾಲು ಹಾಕುವ ಮೂತಿಯ ಬಟ್ಟಲು.

“ಇದು ಯಾಕೆ ಹೊರಗೆ ಬಂತು?”

ಭವಾನಿ ತಪ್ಪೇನೂ ಇಲ್ಲದವರ ಹಾಗೆ ಹೇಳಿದರು. “ಅವಳು ಮಲಗಿದಾಗ ಎರಡು ಹೊತ್ತು ಹಸುವಿನ ಹಾಲು ಹಾಕ್ತಾ ಇದ್ದೀನಿ. ನೀರು ಬೆರೆಸಿ, ಕಾಯಿಸಿ, ಚೆನ್ನಾಗೇ ಹಾಕ್ತೀನಿ. ಅವಳ ಹಾಲಲ್ಲೂ ಅದು ಇರುತ್ತೆ ಅಂತ ನೀವೇ ಬರೋವಾಗ ಗಾಡೀಲಿ ಹೇಳಿದ್ರಲ್ಲ. ಎಷ್ಟು ಕಮ್ಮಿ ಕುಡಿದ್ರೆ ಅಷ್ಟು ಒಳ್ಳೇದು ಅಂದ್ಕೊಂಡೆ.”

ಜಗದಾಂಬಾ ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟರು. ಗಾಡಿಯಲ್ಲಿ ಅವರು ಹೇಳಿದ್ದು ಇಡೀ ಮಾತು. ಇವರು ಕೇಳಿಸಿಕೊಂಡದ್ದು ಅರ್ಧ.

“ಅಮ್ಮ, ಸರಿಯಾಗಿ ಕೇಳಿಸ್ಕೊಳ್ಳಿ. ಅವಳು ಮಾತ್ರೆ ತಪ್ಪದೆ ತಗೊಳ್ತಾ ಇದ್ದಾಳೆ. ಅವಳ ಹಾಲಿಂದ ಆಗೋ ಅಪಾಯ ಈಗ ತೀರಾ ಕಮ್ಮಿ. ಆದ್ರೆ ಆರು ತಿಂಗಳ ತನಕ ಬರೀ ಅವಳ ಹಾಲೇ ಆಗ್ಬೇಕು. ಹಸುವಿನ ಹಾಲು ಎಳೇ ಕರುಳನ್ನ ಕೆರೆದು ಹಾಕುತ್ತೆ. ಕೆರೆದ ಜಾಗದಲ್ಲಿ ವೈರಸ್ಸು ಒಳಗೆ ಹೋಗೋದು ಸುಲಭ. ಅದೂ ಇದೂ ಎರಡೂ ಕೊಡೋದಿದ್ಯಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು.”

ಭವಾನಿ ಅವರ ಮುಖ ಸಣ್ಣದಾಯಿತು. “ನಾನು ಒಳ್ಳೇದಕ್ಕೇ ಅಂತ…”

“ಎಲ್ಲರೂ ಒಳ್ಳೇದಕ್ಕೇ ಮಾಡೋದು. ನಾನೂ ನನ್ನ ಮೊದಲನೇ ಮಗೂಗೆ ಹೀಗೇ ಒಳಲೇಲಿ ಹಾಕಿದ್ದೆ. ನನಗಾಗ ಗೊತ್ತಿರ್ಲಿಲ್ಲ. ನಿಮಗೆ ಹೇಳೋಕೆ ನಾನಿದ್ದೀನಲ್ಲ, ಕೇಳೋಕೇನು ನಿಮಗೆ?”

“ನಿಮಗೂನಾ?”

“ಹತ್ತೊಂಬತ್ತು ವರ್ಷ ಆಯ್ತು.”

ಭವಾನಿ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಗೋಡೆಯ ಗೂಟದಲ್ಲಿದ್ದ ಚೀಲ, ಬಿಸಿಲಿಗೆ ಕಂದಿದ ಮುಖ, ತಮ್ಮ ಮನೆಯ ಕಾಫಿ ಲೋಟವನ್ನು ಹತ್ತಾರು ಸಲ ಹಿಡಿದ ಕೈ. ಒಳಲೆಯನ್ನು ಒರೆಸಿ, ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಮಗಳ ಕೈಗೆ ಕೊಟ್ಟು ಬಂದರು.

ಮೂರು ವಾರದ ಬದಲು ನಾಲ್ಕು ವಾರವಾಯಿತು. ಅಷ್ಟು ದಿನವೂ ಭವಾನಿ ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಜಗದಾಂಬಾ ಅವರಿಗೆ ಫೋನು ಮಾಡಿದರು. ಮಗು ಸೀನಿದರೂ ಫೋನು. ಹಾಲು ಕಕ್ಕಿದರೂ ಫೋನು. ಒಂದು ಮಂಗಳವಾರ ಕೊನೆಗೂ ಚೀಟಿ ಬಂತು. ಜಗದಾಂಬಾ ಅದನ್ನು ತೆಗೆದುಕೊಂಡು ಬಸ್ಸು ಹತ್ತಿ ನೇರ ಆ ಮನೆಗೆ ಹೋಗಿ, ಬಾಣಂತಿಯ ಕೋಣೆಯಲ್ಲಿ ನಿಂತು ಹೇಳಿದರು. “ವೈರಸ್ ಸಿಕ್ಕಿಲ್ಲ.”

ಶ್ರೀಗೌರಿ ಮಗುವಿನ ತಲೆಗೆ ಮುಖ ಒತ್ತಿಕೊಂಡಳು. ಭವಾನಿ ಮಾತ್ರ ಬಾಗಿಲಲ್ಲಿ ನಿಂತೇ ಕೇಳಿದರು. “ಅಂದ್ರೆ ಇಲ್ಲ ಅಂತ ಆಯ್ತಲ್ಲ?”

“ಚುಚ್ಚಿದ ದಿನದ ತನಕ ಇಲ್ಲ ಅಂತ ಆಯ್ತು. ಒಳಲೆ ಹಾಕಿದ್ದು ಆಮೇಲೆ. ಹಾಲು ಕುಡಿಯೋದೂ ಇನ್ನೂ ಇದೆ. ಆರು ತಿಂಗಳು ತುಂಬಿದಾಗೊಂದು ಪರೀಕ್ಷೆ, ವರ್ಷ ತುಂಬಿದಾಗೊಂದು, ಹದಿನೆಂಟು ತಿಂಗಳಿಗೆ ಕೊನೇದು. ಆಗ ಖಾತ್ರಿ.”

“ಈಗಿಲ್ಲ ಅಂದ್ರೆ ಇಲ್ಲ ಅಂತಾನೇ ಅಲ್ವಾ?”

“ಅಲ್ಲ ಅಮ್ಮ. ಈಗ ಹೇಳಿದ್ನಲ್ಲ.”

“ನೀವು ಒಂದು ಸಲಾನೂ ಒಂದು ಮಾತನ್ನ ಪೂರ್ತಿ ಹೇಳಲ್ಲ ಕಣ್ರೀ. ಮೊದಲು ತೂಕ ಅಂದ್ರಿ, ಆಮೇಲೆ ಪರೀಕ್ಷೆ ಅಂದ್ರಿ, ಈಗ ಇನ್ನೂ ಮೂರು ಅಂತೀರಿ.”

“ನಾನು ಪೂರ್ತಿ ಹೇಳ್ತೀನಿ, ನೀವು ಅರ್ಧಕ್ಕೇ ಎದ್ದು ಹೋಗಿ ಒಳಲೆ ಹುಡುಕ್ತೀರಿ.”

“ಅದನ್ನ ಇನ್ನು ಜನ್ಮ ಪೂರ್ತಿ ಎತ್ತಿ ಆಡ್ತೀರಾ?”

“ಹದಿನೆಂಟು ತಿಂಗಳ ತನಕ ಆಡ್ತೀನಿ.”

ಮಗು ಅಳಲು ಶುರು ಮಾಡಿತು. ಶ್ರೀಗೌರಿ ಅದನ್ನು ಎದೆಗೆ ತಂದುಕೊಂಡು, ಸೆರಗು ಹೊದಿಸಿ, ಇಬ್ಬರನ್ನೂ ನೋಡಿದಳು.

“ಅವನಿಗೆ ಹಸಿವಾಗಿದೆ. ನಾನು ಹಾಲು ಕುಡಿಸ್ಬೇಕು. ನೀವಿಬ್ರೂ ಜಗಲಿಗೆ ಹೋಗಿ ಜಗಳ ಆಡಿ.”

ಇಬ್ಬರೂ ಹೋದರು.